ಆ ಒಂಬತ್ತು ನಿಮಿಷ

"ಮೊದಲು ಆ ಕೈ ತೆಗೀರಿ!"

ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಹಜಾರದಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಕೂಗದೆ ಇನ್ನೇನು ಮಾಡುತ್ತಾಳೆ? ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದರೆ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಅಮ್ಮನ ಮುಂದೆ ಮಂಡಿಯೂರಿ ಕೂತು ಅವಳ ಕೊರಳ ಹತ್ತಿರ ಬೆರಳಾಡಿಸುತ್ತಿದ್ದಾನೆ!

ಅವನು ತಿರುಗಿ ನೋಡಿದ. ಕಿವಿಯ ಮೇಲೆ ದಪ್ಪ ಹೆಡ್‌ಫೋನ್. ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಪುಟ್ಟದೊಂದು ಮೈಕು.

"ಮೈಕ್ ಹಾಕ್ತಾ ಇದ್ದೆ ಮೇಡಂ..."

"ಹಾಕ್ಕೊಳ್ಳೋಕೆ ನಮ್ಮಮ್ಮನಿಗೆ ಕೈ ಇಲ್ವಾ?"

"ಇದೆ. ಆದ್ರೆ ನಡುಗ್ತಾ ಇತ್ತು. ಅವರೇ ಹಾಕಿಕೊಡಿ ಅಂದ್ರು."

ಅಮ್ಮನ ಕೈ ನಿಜಕ್ಕೂ ನಡುಗುತ್ತಿತ್ತು. ಅವಳಿಗೆ ಒಂದು ಕ್ಷಣ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಒಪ್ಪಿಕೊಳ್ಳುವ ಹುಡುಗಿಯಲ್ಲ ಅವಳು. ಇನ್ನಷ್ಟು ಗಟ್ಟಿಯಾಗಿ ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದಳು.

ಟೀವಿಯವರು ನಾಳೆ ಬರುತ್ತೇವೆಂದು ಹೇಳಿ ಇವತ್ತೇ ಬಂದಿದ್ದರು. ಇಪ್ಪತ್ತೆರಡು ವರ್ಷದ ಹಿಂದಿನ ಯುದ್ಧದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಆ ಯುದ್ಧ ಮುಗಿಯಿತೇ ಎಂದು ಕೇಳಿದರೆ ಹೌದೆನ್ನುವವರು ಯಾರೂ ಇಲ್ಲ. ಗುಂಡು ಹಾರುವುದು ನಿಂತಿತು, ಅಷ್ಟೇ. ಸೆರೆ ಸಿಕ್ಕವರ ಪಟ್ಟಿ ಕೊಡದೆ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದು ಗಡಿ ನದಿಯ ಈಚೆಯವರ ಹಟ. ಸಹಿ ಹಾಕದೆ ಪಟ್ಟಿ ಕೊಡುವುದಿಲ್ಲ ಎಂದು ಆಚೆಯವರ ಹಟ. ಸೈನ್ಯದ ಲಾರಿ ಓಡಿಸುತ್ತಿದ್ದ ಅವಳ ಅಪ್ಪ ಈ ಎರಡು ಹಟಗಳ ನಡುವೆ ಎಲ್ಲೋ ಕಳೆದುಹೋಗಿದ್ದ. ಸತ್ತವರ ಪಟ್ಟಿಯಲ್ಲೂ ಇಲ್ಲ, ಬದುಕಿದವರ ಪಟ್ಟಿಯಲ್ಲೂ ಇಲ್ಲ. ಅವನು ಹೋದಾಗ ಅವಳಿಗೆ ಮೂರು ವರ್ಷ.

ಅವಳು ಡೈರೆಕ್ಟರ್ ಮೇಡಂ ಎದುರು ಹೋಗಿ ನಿಂತಳು.

"ಒಂದೇ ಷರತ್ತು ಮೇಡಂ. ಅಪ್ಪ ಇನ್ನಿಲ್ಲ ಅನ್ನೋ ಮಾತು ಅಜ್ಜಿ ಕಿವಿಗೆ ಬೀಳಬಾರದು. ಇವತ್ತೂ ಬೀಳಬಾರದು, ಟೀವಿಯಲ್ಲೂ ಬೀಳಬಾರದು. ಅಪ್ಪ ಬರ್ತಾನೆ ಅನ್ನೋ ನಂಬಿಕೆ ಮೇಲೇ ಆ ಜೀವ ನಿಂತಿರೋದು."

"ಖಂಡಿತ," ಎಂದರು ಮೇಡಂ, ತುಂಬ ಸಲೀಸಾಗಿ.

ಅಷ್ಟು ಸಲೀಸಾಗಿ ಒಪ್ಪಿದ್ದೇ ಅವಳಿಗೆ ಹಿಡಿಸಲಿಲ್ಲ. ಅನುಮಾನ ಅವಳ ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವವಳು ಅವಳು. 'ರಸ್ತೆಯಲ್ಲಿ ಎದುರು ಬರೋ ಪ್ರತಿಯೊಬ್ಬನೂ ಈಗ ತಪ್ಪು ಮಾಡ್ತಾನೆ ಅಂದ್ಕೊಂಡೇ ಗಾಡಿ ಓಡಿಸಿ' ಎನ್ನುವುದು ಅವಳ ಮೊದಲ ದಿನದ ಪಾಠ. ಕಲಿಯುವವರು ತಪ್ಪುವ ಮೊದಲೇ ತನ್ನ ಕಾಲಡಿಯ ಬ್ರೇಕ್ ಒತ್ತುತ್ತಾಳೆಂದು ಶಾಲೆಯಲ್ಲಿ ಅವಳಿಗೆ 'ಬ್ರೇಕ್ ಮೇಡಂ' ಎಂದೇ ಹೆಸರು.

ಅಜ್ಜಿಗೆ ಮಾತ್ರ ಟೀವಿಯವರನ್ನು ಕಂಡು ಹಿಗ್ಗೋ ಹಿಗ್ಗು.

"ನನ್ನ ಮಗ ಎಲ್ಲಿದ್ರೂ ಇದನ್ನ ನೋಡ್ತಾನೆ. ನೋಡಿದ ತಕ್ಷಣ ಹೊರಟು ಬರ್ತಾನೆ. ಅವನು ಬಂದಮೇಲೆ ಇವಳ ಮದುವೆ. ಅಲ್ಲೀವರೆಗೂ ಯಾರೂ ಆ ಮಾತು ಎತ್ತೋ ಹಾಗಿಲ್ಲ!"

ಕ್ಯಾಮೆರಾದವನು ನಕ್ಕ. ಈ ಒಂದು ಮಾತಿನ ಮೇಲೆ ಎರಡು ಒಳ್ಳೆಯ ಸಂಬಂಧ ಮುರಿದುಬಿದ್ದಿದ್ದು ಅವನಿಗೇನು ಗೊತ್ತು! ಸೌಂಡಿನವನು ನಗಲಿಲ್ಲ. ಅವನನ್ನು ಜೊತೆಯವರು 'ಕಿವಿ' ಎಂದು ಕರೆಯುತ್ತಿದ್ದರು. ಕಣ್ಣು ಮುಚ್ಚಿ ಅಜ್ಜಿಯ ಮಾತನ್ನೇ ಕೇಳುತ್ತಿದ್ದ ಅವನ ಮುಖ ಅವಳಿಗೆ ಯಾಕೋ ಇಷ್ಟವಾಯಿತು. ಇಷ್ಟವಾದ ತಕ್ಷಣ ಎಚ್ಚರವಾದಳು. 'ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ!'

ಅಮ್ಮನ ಸರದಿ ಮುಗಿಯಿತು. ಅಮ್ಮ ಟೀ ಮಾಡುತ್ತೇನೆಂದು ಎದ್ದು, ಟೀವಿಯವರನ್ನು ನೋಡಲು ಬಂದಿದ್ದ ಚಿಕ್ಕಮ್ಮನನ್ನೂ ಕರೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಕ್ಯಾಮೆರಾ ಅಜ್ಜಿಯತ್ತ ತಿರುಗಿತು. ಅಜ್ಜಿ ಮಗನ ಬಾಲ್ಯದ ತುಂಟಾಟಗಳನ್ನು ಒಂದೊಂದಾಗಿ ಹೇಳತೊಡಗಿದಳು.

ಆಗಲೇ ಅದು ನಡೆದದ್ದು.

ಕಿವಿ ಫಕ್ಕನೆ ಕಣ್ಣು ತೆರೆದ. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡ. ಮುಖದಲ್ಲಿ ರಕ್ತವೇ ಇಲ್ಲ! ಅಡುಗೆಮನೆಯ ಬಾಗಿಲನ್ನೊಮ್ಮೆ ನೋಡಿದ, ಅಜ್ಜಿಯನ್ನೊಮ್ಮೆ ನೋಡಿದ, ಕೊನೆಗೆ ಅವಳನ್ನು ನೋಡಿದ. ಕಣ್ಣು ಕೂಡಿದ್ದೇ ತಡ, ಹೆಡ್‌ಫೋನ್ ಕಿತ್ತು ಕೊರಳಿಗೆ ಇಳಿಬಿಟ್ಟು ತಲೆ ತಗ್ಗಿಸಿಬಿಟ್ಟ.

"ಏನಾಯ್ತು?" ಎಂದಳು ಅವಳು, ಮೆಲ್ಲಗೆ.

"ಏನಿಲ್ಲ... ಏನೂ ಇಲ್ಲ ಮೇಡಂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಿತ್ತು ಅವನ ರೀತಿ. ಹೊರಡುವತನಕ ಅವನು ಮತ್ತೆ ಅವಳ ಮುಖ ನೋಡಲಿಲ್ಲ.

*

ಮೂರು ದಿನಕ್ಕೆ ಸರಿಯಾಗಿ ಅವನು ಡ್ರೈವಿಂಗ್ ಶಾಲೆಯ ಬಾಗಿಲಲ್ಲಿ ನಿಂತಿದ್ದ!

"ಕಾರು ಕಲೀಬೇಕಿತ್ತು..."

"ಈ ಊರಲ್ಲಿ ಆರು ಡ್ರೈವಿಂಗ್ ಶಾಲೆ ಇವೆ."

"ಹೌದು. ಬೋರ್ಡ್ ನೋಡಿದೆ."

"ಮತ್ತೆ ಇಲ್ಲಿಗೇ ಯಾಕೆ?"

ಅವನು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ. ಅರ್ಜಿ ತುಂಬಿದ. ಅವಳಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಇವನಿಗೆ ಬೇಕಾದದ್ದು ಕಾರಲ್ಲ, ನಮ್ಮ ಮನೆಯ ಕಥೆ! ನನ್ನ ಬಾಯಿ ಬಿಡಿಸೋಕೆ ಕಳಿಸಿದ್ದಾರೆ... ಬರಲಿ, ನಾನೂ ನೋಡ್ತೀನಿ!

ಕಲಿಯುವುದರಲ್ಲಿ ಅವನು ಅಷ್ಟಕ್ಕಷ್ಟೆ. ಕ್ಲಚ್ ಬಿಡುವಾಗಲೆಲ್ಲ ಕಾರು ಮುಗ್ಗರಿಸುತ್ತಿತ್ತು. ಆದರೆ ಎರಡನೆಯ ದಿನ ನಡುರಸ್ತೆಯಲ್ಲಿ ತಲೆ ವಾರೆ ಮಾಡಿ ಹೇಳಿದ:

"ಎಡಗಡೆ ಮುಂದಿನ ಚಕ್ರದ ಬೇರಿಂಗ್ ಹೋಗ್ತಾ ಇದೆ ಮೇಡಂ. ಸದ್ದು ಬೇರೆ ಥರ ಇದೆ."

"ಗೇರ್ ಹಾಕೋಕೆ ಬರಲ್ಲ, ಬೇರಿಂಗ್ ಬಗ್ಗೆ ಭಾಷಣ ಬೇರೆ!"

ಸಂಜೆ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ. ಬೇರಿಂಗ್ ನಿಜಕ್ಕೂ ಹೋಗಿತ್ತು. ಅವತ್ತು ಅವಳು ತನ್ನಷ್ಟಕ್ಕೆ ತಾನೇ ನಕ್ಕಳು. ಮಾರನೆಯ ದಿನ ಹತ್ತು ಗಂಟೆಯ ಪಾಠಕ್ಕೆ ಒಂಬತ್ತೂವರೆಗೇ ಬಾಗಿಲಲ್ಲಿ ನಿಂತು, ಗಾಳಿಗೆ ನಿಂತಿದ್ದೇನೆಂದು ಜೊತೆಯವರಿಗೆ ಸುಳ್ಳು ಹೇಳಿದಳು. ಪಾಪ, ಅವತ್ತು ಎಲೆಯೂ ಅಲುಗುತ್ತಿರಲಿಲ್ಲ!

ಎರಡು ವಾರ ಕಳೆಯಿತು. ಅವನು ಮನೆಯ ವಿಷಯ ಒಂದೇ ಒಂದು ದಿನವೂ ಕೇಳಲಿಲ್ಲ. ಅದೂ ಅವಳಿಗೆ ಅನುಮಾನವೇ. ಒಂದು ಬೆಳಿಗ್ಗೆ ಅವನೇ ಕಾರು ಬದಿಗೆ ಹಾಕಿ, ಸ್ಟೀರಿಂಗ್ ಹಿಡಿದೇ ಕೂತ.

"ಒಂದು ಮಾತು ಹೇಳ್ಲಾ?"

ಅವಳ ಎದೆ ಡವಗುಟ್ಟಿತು. "ಹೇಳಿ..."

"ನೀವು... ನಿಮ್ಮಮ್ಮನ ಜೊತೆ ಒಂದ್ಸಲ ಬಿಚ್ಚಿ ಮಾತಾಡಿ."

ಇದಾ?! ಅವಳ ಮುಖ ಬಾಡಿತು, ಮರುಕ್ಷಣ ಬಿಗಿಯಿತು.

"ನಮ್ಮಮ್ಮನ ಸುದ್ದಿ ನಿಮಗ್ಯಾಕೆ?"

"ಅಷ್ಟೇ ಮೇಡಂ. ಇದಕ್ಕಿಂತ ಹೆಚ್ಚು ಹೇಳೋ ಹಕ್ಕು ನನಗಿಲ್ಲ."

"ಹಾಗಾದ್ರೆ ಗಾಡಿ ತೆಗೀರಿ. ಕನ್ನಡಿ ನೋಡ್ಕೊಂಡು!"

ಅದೇ ವಾರ ಅವಳು ಅಮ್ಮ ಕೆಲಸ ಮಾಡುವ ಆಸ್ಪತ್ರೆಯ ಮುಂದೆ ಹಾದುಹೋಗುತ್ತಿದ್ದಳು. ಹಿಂಬದಿಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಮ್ಮ ಅಲ್ಲಿ ಇಸ್ತ್ರಿ ಮಾಡುವವಳು. ಗೇಟಿನ ಬಳಿ ಅಮ್ಮ ನಿಂತಿದ್ದಳು. ಎದುರಿಗೆ ಕಿವಿ! ಅವನು ಜೇಬಿನಿಂದ ಪುಟ್ಟ ಕವರೊಂದನ್ನು ತೆಗೆದು ಕೊಟ್ಟ. ಅಮ್ಮ ಅತ್ತಿತ್ತ ನೋಡಿ ಅದನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು.

ಮನೆಗೆ ಬಂದ ಅಮ್ಮನನ್ನು ಕೇಳಿದಳು. "ಇವತ್ತು ಯಾರಾದ್ರೂ ಸಿಕ್ಕಿದ್ರಾ ಅಮ್ಮಾ?"

"ಯಾರು ಸಿಗ್ತಾರೆ? ಹಾಸಿಗೆ ಹೊದಿಕೆ, ದಿಂಬಿನ ಚೀಲ. ಅವೇ ದಿನಾ ಸಿಗೋದು," ಎಂದು ಅಮ್ಮ ಮುಖ ತಿರುಗಿಸಿದಳು.

ಅಮ್ಮ ಸುಳ್ಳು ಹೇಳಿದಳು! ನನ್ನ ಹತ್ತಿರ! ಅವಳ ಕಣ್ಣು ತುಂಬಿಬಂತು. ಆ ಸೌಂಡಿನವನು ಅಮ್ಮನನ್ನು ಯಾವುದಕ್ಕೋ ಹೆದರಿಸುತ್ತಿದ್ದಾನೆ. ನನ್ನನ್ನೂ ಆಡಿಸುತ್ತಿದ್ದಾನೆ. ಅವನಿಗಾಗಿ ನಾನು ಬಾಗಿಲಲ್ಲಿ ನಿಂತು ಕಾದೆನಲ್ಲಾ, ನನ್ನಂಥ ದಡ್ಡಿ ಇದ್ದಾಳಾ?

*

ಮರುದಿನ ಡೈರೆಕ್ಟರ್ ಮೇಡಂ ಫೋನ್ ಬಂತು.

"ನಿಮ್ಮ ಮನೇಲಿ ಮಾಡಿದ ರೆಕಾರ್ಡಿಂಗಲ್ಲಿ ಒಂಬತ್ತು ನಿಮಿಷ ಇಲ್ಲಮ್ಮಾ. ಅಜ್ಜಿ ಮಗನ ಬಗ್ಗೆ ಮಾತಾಡಿದ್ದು... ಚಿತ್ರ ಇದೆ, ಸೌಂಡೇ ಇಲ್ಲ. ನಮ್ಮ ಹುಡುಗ ಬ್ಯಾಟರಿ ಹೋಯ್ತು ಅಂತಾನೆ. ಹತ್ತು ವರ್ಷದಲ್ಲಿ ಅವನ ಬ್ಯಾಟರಿ ಒಂದ್ಸಲವೂ ಹೋಗಿಲ್ಲ. ನೀವೇನಾದ್ರೂ ನೋಡಿದ್ರಾ?"

ನೋಡಿದ್ದಳಲ್ಲ! ಅವನ ಮುಖ ಬಿಳುಚಿದ್ದು, ಹೆಡ್‌ಫೋನ್ ಕಿತ್ತದ್ದು, ಕಾರು ಕಲಿಯುವ ನೆಪ, ಆಸ್ಪತ್ರೆಯ ಗೇಟಿನ ಕವರು... ಎಲ್ಲವನ್ನೂ ಒಂದೂ ಬಿಡದೆ ಒದರಿದಳು.

"ಅಂದ್ರೆ ಬೇರೆ ಚಾನೆಲ್‌ಗೆ ಕೊಡೋಕೆ ಕದ್ದಿಟ್ಟಿದ್ದಾನೆ," ಎಂದರು ಮೇಡಂ. "ಬಿಡಮ್ಮ, ಇವತ್ತಿಂದ ಅವನು ಈ ಚಿತ್ರದಲ್ಲಿಲ್ಲ."

ಅವಳು ಫೋನಿಟ್ಟಳು. ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡಳು. ಹತ್ತು ಗಂಟೆಯ ಪಾಠಕ್ಕೆ ಅವನು ಬರಲಿಲ್ಲ. ಕಾರಿನಲ್ಲಿ ಒಬ್ಬಳೇ ಅರ್ಧ ಗಂಟೆ ಕೂತಳು.

ಸಂಜೆ ಅಜ್ಜಿ ಹಿತ್ತಲಲ್ಲಿದ್ದಾಗ ಅಮ್ಮನ ಎದುರು ನಿಂತಳು.

"ಆ ಸೌಂಡಿನವನು ಇನ್ನು ನಿನ್ನ ತಂಟೆಗೆ ಬರಲ್ಲ ಅಮ್ಮಾ. ಅವನ ಕಳ್ಳಾಟ ಎಲ್ಲಾ ಡೈರೆಕ್ಟರ್‌ಗೆ ಹೇಳ್ಬಿಟ್ಟೆ. ಕೆಲಸದಿಂದ ತೆಗೆದ್ರು."

ಅಮ್ಮನ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು.

"ಅಯ್ಯೋ ಪುಟ್ಟೀ... ಏನು ಮಾಡಿಬಿಟ್ಟೆ!"

ಅಮ್ಮ ಕಪಾಟಿನ ಮುಂದೆ ನೆಲದ ಮೇಲೆ ಕೂತಳು. ಆಮೇಲೆ ಡಬ್ಬಿಯೊಂದರ ತಳದಿಂದ ಆ ಕವರು ತೆಗೆದು ಅವಳ ಅಂಗೈ ಮೇಲಿಟ್ಟಳು. ಒಳಗೆ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡ್.

"ಅವತ್ತು ಟೀ ಮಾಡೋಕೆ ಒಳಗೆ ಹೋದ್ನಲ್ಲ... ಮೈಕ್ ತೆಗೆಯೋದು ಮರೆತುಬಿಟ್ಟಿದ್ದೆ ಕಣೇ. ತಂತಿ ಇಲ್ಲದ್ದು ಅದು, ಬಾಗಿಲು ಹಾಕಿದ್ರೂ ಕೇಳುತ್ತಂತೆ. ಚಿಕ್ಕಮ್ಮನ ಹತ್ರ ಅತ್ತು ಹೇಳಿದ್ದೆಲ್ಲ ಅದರೊಳಗೆ ಹೋಗಿಬಿಡ್ತು."

"ಏನು ಹೇಳ್ದೆ?"

ಅಮ್ಮ ಹಿತ್ತಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು.

"ನಿನ್ನಪ್ಪ ಇಲ್ಲ ಪುಟ್ಟಿ. ಸೆರೆ ಸಿಕ್ಕ ಮೂರನೇ ತಿಂಗಳಿಗೇ ಜ್ವರ ಬಂದು ಹೋಗಿಬಿಟ್ರು. ಅವರ ಜೊತೆಗಿದ್ದ ಮೆಕ್ಯಾನಿಕ್ ಒಬ್ಬ ಹೇಗೋ ತಪ್ಪಿಸಿಕೊಂಡು ಬಂದಿದ್ದ. ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆ ಹತ್ರ ನನ್ನ ಹುಡುಕ್ಕೊಂಡು ಬಂದು ಹೇಳಿ ಹೋದ. ಅವನೇ ಗುಂಡಿ ತೋಡಿದ್ದಂತೆ."

ಮುಖವೂ ಸರಿಯಾಗಿ ನೆನಪಿಲ್ಲದ ಅಪ್ಪ... ಬರುತ್ತಾನೆಂದು ಅಜ್ಜಿಯಷ್ಟೇ ತಾನೂ ನಂಬಿದ್ದೆನೆಂದು ಅವಳಿಗೆ ಆಗಲೇ ಗೊತ್ತಾದದ್ದು.

"ನನಗೂ ಹೇಳಲಿಲ್ಲವಲ್ಲಮ್ಮಾ..."

"ನಿನಗಾಗ ಹದಿನಾಲ್ಕು. ನಾಳೆ ಹೇಳೋಣ, ನಾಳೆ ಹೇಳೋಣ ಅಂತಾನೇ ಹೋಯ್ತು. ನಿನಗೆ ಹೇಳಿದ್ರೆ ನಿನ್ನ ಮುಖ ನೋಡಿ ಅತ್ತೆಗೆ ತಿಳಿದುಬಿಡುತ್ತೆ ಅಂತ ಭಯ." ಅಮ್ಮ ಮೂಗು ಒರೆಸಿಕೊಂಡಳು. "ಆ ಹುಡುಗ ಬಂದು ಏನು ಹೇಳ್ದ ಗೊತ್ತಾ? 'ಅಮ್ಮಾ, ಮೊದಲ ಎರಡು ಮಾತು ಕಿವಿಗೆ ಬಿದ್ದುಬಿಡ್ತು, ಕ್ಷಮಿಸಿ. ಉಳಿದದ್ದು ನಾನು ಕೇಳಿಲ್ಲ. ನಿಮ್ಮ ಮಾತು, ಅಜ್ಜಿ ಮಾತು ಎರಡೂ ಕೂಡಿ ಒಂದೇ ರೆಕಾರ್ಡ್ ಆಗಿವೆ. ಡೈರೆಕ್ಟರ್ ಕೈಗೆ ಹೋದ್ರೆ ಇದು ಟೀವಿಗೆ ಬರುತ್ತೆ. ಅದಕ್ಕೇ ಈ ಕಾರ್ಡಲ್ಲಿ ಮಾತ್ರ ಇಟ್ಟು ನನ್ನದನ್ನ ಅಳಿಸಿಬಿಟ್ಟೆ. ಇಟ್ಕೊಳ್ಳೋದು, ಒಡೆದು ಹಾಕೋದು ನಿಮಗೆ ಬಿಟ್ಟಿದ್ದು' ಅಂದ. ಒಂದು ಲೋಟ ನೀರೂ ಕುಡೀದೆ ಹೋದ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಷರತ್ತನ್ನು ಉಳಿಸಿದವನು ಅವನೊಬ್ಬನೇ. ಅವನ ಹೊಟ್ಟೆಯ ಮೇಲೆ ನಾನೇ ಹೊಡೆದೆನಲ್ಲಾ! ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಾದ ಮೇಲೆ ಬರುತ್ತದೆಯೇ?

"ಯಾರದು ಗುಂಡಿ ತೋಡಿದ್ದು?"

ಇಬ್ಬರೂ ತಿರುಗಿದರು. ಹಿತ್ತಲ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಹೊಸ್ತಿಲು ದಾಟದೆ ಕದ ಹಿಡಿದುಕೊಂಡಿದ್ದಳು.

"ಅತ್ತೇ..."

"ಸುಳ್ಳು ಹೇಳಬೇಡ. ಯಾರು ತೋಡಿದ್ದು?"

ಅಮ್ಮ ಹೇಳಿದಳು. ಹನ್ನೊಂದು ವರ್ಷ ನುಂಗಿಕೊಂಡದ್ದನ್ನು ಹತ್ತೇ ಮಾತಿನಲ್ಲಿ ಹೇಳಿ ಮುಗಿಸಿದಳು. ಅಜ್ಜಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನಿಧಾನವಾಗಿ ಬಂದು ಸೊಸೆಯ ಪಕ್ಕ ನೆಲದ ಮೇಲೆ ಕೂತಳು.

"ನೆರಳಿತ್ತಂತಾ ಅಲ್ಲಿ? ಅವನಿಗೆ ಬಿಸಿಲು ಆಗಲ್ಲ."

"ಮರದ ಕೆಳಗೆ ಅಂದ ಅತ್ತೆ. ದೊಡ್ಡ ಮರವಂತೆ."

ಅಜ್ಜಿ ತಲೆಯಾಡಿಸಿದಳು. ಸೊಸೆಯ ಕೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಇಸ್ತ್ರಿಯ ಬಿಸಿಗೆ ಸುಟ್ಟು ಸುಟ್ಟು ಒರಟಾದ ಕೈ ಅದು.

"ಹನ್ನೊಂದು ವರ್ಷ ಒಬ್ಬಳೇ ಹೊತ್ತೆಯೇನೇ, ನನ್ನ ಮಗಳೇ..."

ಆಗ ಮೂವರೂ ಅತ್ತರು. ಆ ಮನೆಯಲ್ಲಿ ಅಳುವುದಕ್ಕೆ ಇಪ್ಪತ್ತೆರಡು ವರ್ಷ ಯಾರಿಗೂ ಅಪ್ಪಣೆಯಿರಲಿಲ್ಲ.

*

ನಾಲ್ಕನೆಯ ದಿನ ಅಜ್ಜಿ ತಾನೇ ಡೈರೆಕ್ಟರ್ ಮೇಡಂಗೆ ಫೋನ್ ಮಾಡಿಸಿದಳು. ನಡೆದದ್ದನ್ನೆಲ್ಲ ಹೇಳಿದಳು.

"ನಾನೇ ಮಾತಾಡ್ತೀನಮ್ಮಾ. ಆಚೆಯವರಿಗೂ ಹೇಳ್ತೀನಿ, ಈಚೆಯವರಿಗೂ ಹೇಳ್ತೀನಿ. ಆ ಕಾಗದಕ್ಕೆ ಸಹಿ ಹಾಕಿ, ನನ್ನ ಮಗನ ಮೂಳೆಯನ್ನಾದ್ರೂ ಕೊಡಿ. ಆದ್ರೆ ಕೇಳು, ನನ್ನ ಮೈಕ್ ಆ ಹುಡುಗನೇ ಹಾಕಬೇಕು. ಬೇರೆ ಯಾರು ಬಂದ್ರೂ ನಾನು ಬಾಯಿ ಬಿಡಲ್ಲ."

ಫೋನಿಟ್ಟು ಮೊಮ್ಮಗಳ ಕಡೆ ತಿರುಗಿದಳು.

"ನಿನ್ನ ಬಾಯಿಂದ ಹೋದವನು ಅವನು. ನೀನೇ ಹೋಗಿ ಕರ್ಕೊಂಡು ಬಾ. ಇನ್ನೊಂದು ಮಾತು... ಮದುವೆಗೆ ನಿನ್ನಪ್ಪ ಬರಲಿ ಅಂತ ನೀನು ಕಾಯ್ಬೇಡ. ಇನ್ನು ಈ ಮನೇಲಿ ಯಾರೂ ಯಾರಿಗೂ ಕಾಯೋದು ಬೇಡ."

ಅವನು ಸಿಕ್ಕಿದ್ದು ಶಾಲೆಯೊಂದರ ಖಾಲಿ ಸಭಾಂಗಣದಲ್ಲಿ. ವಾರ್ಷಿಕೋತ್ಸವಕ್ಕೆ ಧ್ವನಿವರ್ಧಕ ಜೋಡಿಸುವ ಕೆಲಸ ಹಿಡಿದಿದ್ದ. ವೇದಿಕೆಯ ಮೇಲೆ ವೈರು ಸುತ್ತುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತೇಹೋಯಿತು.

"ತಪ್ಪಾಯ್ತು," ಎಂದಳು. "ಎಲ್ಲಾ ಗೊತ್ತಾಯ್ತು. ಅಜ್ಜಿಗೂ ಗೊತ್ತಾಯ್ತು. ನಾನೇ ನಿಮ್ಮ ಕೆಲಸ ಕಳೆದೆ..."

"ಕೆಲಸ ಹೋಗಿದ್ದಕ್ಕೆ ಬೇಜಾರಿಲ್ಲ ಮೇಡಂ. ರೆಕಾರ್ಡ್ ಅಳಿಸಿದ್ದು ನಿಜ. ನಮ್ಮ ಕಸುಬಲ್ಲಿ ಅದು ದೊಡ್ಡ ತಪ್ಪು." ಅವನ ದನಿ ತಗ್ಗಿತು. "ಎರಡು ವಾರ ದಿನಾ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ನನ್ನನ್ನೇ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಹೇಳ್ತಿದ್ರಾ?"

ಅವನು ಯೋಚಿಸಿದ. "ಇಲ್ಲ."

"ಮತ್ತೆ!"

ಅವನಿಗೆ ನಗು ಬಂತು, ತಡೆದುಕೊಂಡ. ಅವಳಿಗೆ ಅಳು ಬಂತು, ತಡೆಯಲಾಗಲಿಲ್ಲ.

"ನಮ್ಮನೇಲಿ ನಂಬಿಕೆ ಅಂದ್ರೆ ಅಪ್ಪ ಬರ್ತಾರೆ ಅನ್ನೋದೊಂದೇ ಇತ್ತು. ಬೇರೆ ಯಾರನ್ನಾದ್ರೂ ಹೇಗೆ ನಂಬೋದು ಅಂತ ನನಗೆ ಗೊತ್ತೇ ಇರಲಿಲ್ಲ..." ಕಣ್ಣೊರೆಸಿಕೊಂಡು ತಲೆಯೆತ್ತಿದಳು. "ಈಗ ಕೇಳ್ತೀನಿ. ನಿಜ ಹೇಳಬೇಕು. ಡ್ರೈವಿಂಗ್ ಕಲಿಯೋಕೆ ಯಾಕೆ ಬಂದ್ರಿ?"

"ಮೊದಲ ದಿನ, ನಿಮಗೆ ವಿಷಯ ಹೇಳಬೇಕಾ ಬೇಡವಾ ಅಂತ ತಿಳ್ಕೊಳ್ಳೋಕೆ ಬಂದೆ. ಹೇಳೋದು ನಿಮ್ಮಮ್ಮನ ಕೆಲಸ, ನನ್ನದಲ್ಲ ಅಂತ ಅವತ್ತೇ ಅರ್ಥ ಆಯ್ತು."

"ಹಾಗಿದ್ರೆ ಎರಡನೇ ದಿನ ಯಾಕೆ ಬಂದ್ರಿ?"

"ನಿಮ್ಮನ್ನ ನೋಡೋಕೆ."

"ಮೂರನೇ ದಿನ?"

"ಅದಕ್ಕೇ. ಆಮೇಲೆ ಎಲ್ಲಾ ದಿನವೂ ಅದಕ್ಕೇ." ಅವನು ವೇದಿಕೆಯಿಂದ ಇಳಿದು ಅವಳೆದುರು ಬಂದ. "ನಿಮ್ಮನ್ನ ಕಂಡ್ರೆ ನನಗೆ ಪ್ರೀತಿ ಮೇಡಂ. ಅವತ್ತು ನಿಮ್ಮಮ್ಮನಿಗೋಸ್ಕರ ನನ್ನ ಮೇಲೆ ಕೂಗಾಡಿದ್ರಲ್ಲ, ಅವತ್ತಿಂದಾನೇ."

ಅವಳು ಕಣ್ಣು ಕಿರಿದು ಮಾಡಿ ಅವನ ಮುಖವನ್ನೆಲ್ಲ ಪರೀಕ್ಷಿಸಿದಳು. ಎಲ್ಲಾದರೂ ಸುಳ್ಳು ಅಡಗಿದೆಯೋ ಎಂದು ಮೂಲೆ ಮೂಲೆ ಹುಡುಕಿದಳು. ಸಿಗಲಿಲ್ಲ.

"ನನಗೂ..." ಎಂದಳು. ಅವನಿಗೆ ಅಷ್ಟೇ ಸಾಕಾಯಿತು.

"ಅಜ್ಜಿ ಮಾತಾಡ್ತಾರಂತೆ. ಮೈಕ್ ಹಾಕೋಕೆ ನೀವೇ ಬರಬೇಕಂತೆ. ಬರ್ತೀರಾ?"

"ಬರ್ತೀನಿ."

"ನನ್ನ ಮೇಲೆ ಕೋಪ ಇಲ್ವಾ?"

"ಇದೆ. ಬೇಕಾದಷ್ಟಿದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ದೂರ ಇದ್ದು ಕೋಪ ಮಾಡ್ಕೊಂಡು ನೋಡ್ದೆ, ಸರಿ ಹೋಗಲಿಲ್ಲ. ಇನ್ಮೇಲೆ ಹತ್ತಿರ ಇದ್ದೇ ಮಾಡ್ಕೋತೀನಿ."

ಅವಳು ಅಳುತ್ತಲೇ ನಕ್ಕು, ಮೊದಲ ಸಲ ಅವನ ಕೈ ಹಿಡಿದಳು.

"ಸರಿ. ಒಂದು ಜನ್ಮ ಪೂರ್ತಿ ಮಾಡ್ಕೊಳ್ಳಿ... ನಾನು ನಂಬ್ತೀನಿ."